ಎರಡು ಹಿಡಿಕೆ, ಒಂದು ನಡೆ

ಉತ್ತರ ಅಮೆರಿಕದ ಮಹಾಸರೋವರಗಳಲ್ಲಿ ಬೇಸಗೆ ಬಂದೊಡನೆ ನೀರಿಗಿಳಿಯುವ ವಿಹಾರನೌಕೆಗಳ ನಡುವೆ, ಅರ್ಧ ಶತಮಾನಕ್ಕೂ ಹಿಂದೆ ಮಹಾಗನಿ ಹಲಗೆಗಳಿಂದ ಕಟ್ಟಿ ವಾರ್ನಿಷಿನಿಂದ ಮಿರುಗಿಸಿದ ಮರದ ನೌಕೆಗಳು ಇಂದಿಗೂ ಕಾಣಸಿಗುತ್ತವೆ. ಮಿಷಿಗನ್ ರಾಜ್ಯದ ಆಲ್ಗೊನಾಕ್ ಎಂಬ ನದೀತೀರದ ಊರಿನಲ್ಲಿ ಬೆಳೆದ ಕ್ರಿಸ್-ಕ್ರಾಫ್ಟ್ ಸಂಸ್ಥೆಯು ಕಳೆದ ಶತಮಾನದ ಐವತ್ತು ಅರವತ್ತರ ದಶಕಗಳಲ್ಲಿ ಕಟ್ಟಿದ ಇಂಥ ನೌಕೆಗಳ ಪೈಕಿ ದೊಡ್ಡವುಗಳಿಗೆ ಎರಡೆರಡು ಪೆಟ್ರೋಲ್ ಎಂಜಿನ್ನುಗಳನ್ನು ಅಕ್ಕಪಕ್ಕದಲ್ಲಿ ಕೂರಿಸುವುದು ವಾಡಿಕೆಯಾಗಿತ್ತು. ಚಾಲಕನ ಮುಂದೆ ಒಂದು ಚಕ್ರ, ಎರಡು ಟ್ಯಾಕೋಮೀಟರು, ಎರಡು ಥ್ರಾಟಲ್ ಹಿಡಿಕೆ. ಹಿಡಿಕೆಗಳೆರಡನ್ನೂ ಒಂದೇ ಅಂಗೈಯಿಂದ ಮುಂದಕ್ಕೆ ತಳ್ಳಿದರೆ ಎಂಜಿನ್ನುಗಳೆರಡೂ ಒಂದೇ ವೇಗದಲ್ಲಿ ತಿರುಗಬೇಕೆಂಬುದು ನೋಡುವವರ ಸಹಜ ನಿರೀಕ್ಷೆ. ಆದರೆ ಹಳೆಯ ನೌಕೆಗಳಲ್ಲಿ ಈ ನಿರೀಕ್ಷೆ ಕೈಗೂಡುವುದು ಅಪರೂಪ. ಎಡಗಡೆಯ ಹಿಡಿಕೆ ಒಂದಂಗುಲ ಮುಂದೆ, ಬಲಗಡೆಯದು ಒಂದಂಗುಲ ಹಿಂದೆ ನಿಂತಾಗ ಮಾತ್ರ ಎರಡು ಮುಳ್ಳುಗಳೂ ಒಂದೇ ಅಂಕಿಯನ್ನು ತೋರಿಸುತ್ತವೆ. ಅನೇಕರು ಇದನ್ನು ನೌಕೆಯ ಸ್ವಭಾವವೆಂದೇ ಒಪ್ಪಿಕೊಂಡು ವರ್ಷಗಟ್ಟಲೆ ಓರೆಯಾದ ಹಿಡಿಕೆಗಳೊಡನೆಯೇ ಸಂಸಾರ ಮಾಡುತ್ತಾರೆ. ಇನ್ನು ಕೆಲವರು ಸ್ಪ್ಯಾನರನ್ನು ಹಿಡಿದು ಹಿಡಿಕೆಗಳ ಬುಡಕ್ಕೇ ಕೈಹಾಕುತ್ತಾರೆ. ಈ ಎರಡನೆಯವರ ಉತ್ಸಾಹ ಶ್ಲಾಘ್ಯವಾದರೂ ಅವರು ಕೆಲಸವನ್ನು ಆರಂಭಿಸಿದ ಸ್ಥಳ ಮಾತ್ರ ಸರಿಯಾದುದಲ್ಲ. ಏಕೆಂಬುದನ್ನು ತಿಳಿಯಬೇಕಾದರೆ, ಅಂಗೈಯಿಂದ ಹೊರಟ ಆಜ್ಞೆ ನೀರನ್ನು ಮುಟ್ಟುವವರೆಗೆ ಯಾವ ಯಾವ ಹಸ್ತಗಳನ್ನು ದಾಟಿ ಹೋಗುತ್ತದೆಂಬುದನ್ನು ಸಾವಕಾಶವಾಗಿ ನೋಡಬೇಕಾಗುತ್ತದೆ.

ನೌಕೆಗೆ ಎರಡು ಯಂತ್ರಗಳು ಏಕೆ ಬೇಕೆಂಬ ಪ್ರಶ್ನೆಗೆ ಮೊದಲ ಉತ್ತರ ಭಯ, ಎರಡನೆಯ ಉತ್ತರ ಅನುಕೂಲ. ಉಗಿಹಡಗುಗಳ ಕಾಲದಲ್ಲಿ ಒಂದೇ ಪ್ರೊಪೆಲರನ್ನು ನೆಚ್ಚಿಕೊಂಡು ಅಟ್ಲಾಂಟಿಕ್ ದಾಟುತ್ತಿದ್ದ ಹಡಗಿನ ದಂಡ ನಡುಗಡಲಿನಲ್ಲಿ ಮುರಿದರೆ ಗತಿಯೇನೆಂಬ ಅಂಜಿಕೆಯಿಂದ, ಎಂಜಿನ್ನಿದ್ದರೂ ಹಾಯಿಗಳನ್ನು ಹೊತ್ತುಕೊಂಡೇ ಸಾಗುವ ಪದ್ಧತಿ ಬಹುಕಾಲ ಉಳಿದುಕೊಂಡಿತ್ತು. 1888ರಲ್ಲಿ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿ ನೀರಿಗಿಳಿದ ‘ಸಿಟಿ ಆಫ್ ನ್ಯೂಯಾರ್ಕ್’ ಎಂಬ ಪ್ರಯಾಣಿಕ ಹಡಗು ಎರಡು ಪ್ರೊಪೆಲರುಗಳನ್ನು ಧರಿಸಿ ಬಂದು ಆ ಅಂಜಿಕೆಯನ್ನು ಬಹುಮಟ್ಟಿಗೆ ನಿವಾರಿಸಿತು. ಅನುಕೂಲವೆಂಬುದು ದಡಕ್ಕೆ ಕಟ್ಟುವಾಗ ಗೊತ್ತಾಗುತ್ತದೆ. ಒಂದು ಎಂಜಿನ್ನನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಓಡಿಸಿದರೆ ನೌಕೆ ತನ್ನ ಉದ್ದದಷ್ಟೇ ಜಾಗದಲ್ಲಿ ಗಿರ್ರನೆ ತಿರುಗಬಲ್ಲದು. ದೊಡ್ಡ ಹಡಗುಗಳಲ್ಲಿ ನಾಯಕನು ಟೆಲಿಗ್ರಾಫ್ ಎಂಬ ಮುಳ್ಳಿನ ಯಂತ್ರದ ಮೂಲಕ ಆಜ್ಞೆ ಕಳುಹಿಸುತ್ತಿದ್ದನು; ಕೆಳಗಿನ ಎಂಜಿನ್ ಕೋಣೆಯಲ್ಲಿ ನುರಿತ ಸಿಬ್ಬಂದಿ ಸುತ್ತುಗಳನ್ನು ಎಣಿಸಿ ಎರಡು ಯಂತ್ರಗಳನ್ನೂ ಸರಿದೂಗಿಸುತ್ತಿದ್ದರು. ಚಿಕ್ಕ ನೌಕೆಯಲ್ಲಿ ನಾಯಕ, ಸಿಬ್ಬಂದಿ, ಎಣಿಸುವವನು ಎಲ್ಲವೂ ಒಬ್ಬನೇ. ಅವನಿಗೆ ಮತ್ತು ಎಂಜಿನ್ನಿಗೆ ನಡುವೆ ಇರುವ ದೂತನೆಂದರೆ ಒಂದು ಕೇಬಲ್ ಮಾತ್ರ.

ಹೊರಗವಚದೊಳಗೆ ಸರಿದಾಡುವ ತಂತಿಯ ಮೂಲಕ ಚಲನೆಯನ್ನು ಬಾಗುದಾರಿಯಲ್ಲಿ ಸಾಗಿಸುವ ಉಪಾಯಕ್ಕೆ ಅರ್ನೆಸ್ಟ್ ಬೌಡನ್ ಎಂಬಾತನು 1896ರಲ್ಲಿ ಬ್ರಿಟನ್ನಿನಲ್ಲಿ ಪೇಟೆಂಟ್ ಪಡೆದನು. ಸೈಕಲ್ಲಿನ ಬ್ರೇಕ್ ತಂತಿ ಇದರದೇ ಸಂತಾನ. ಆದರೆ ಸೈಕಲ್ಲಿನ ತಂತಿ ಎಳೆಯಲು ಮಾತ್ರ ಬಲ್ಲದು. ನೌಕೆಯ ಕೇಬಲ್ ಎಳೆಯಲೂ ಬೇಕು, ತಳ್ಳಲೂ ಬೇಕು. ಆದ್ದರಿಂದ ಅದರ ಒಳತಂತಿ ಗಡುಸಾಗಿರುತ್ತದೆ, ತುದಿಗಳಲ್ಲಿ ಉಕ್ಕಿನ ಸರಳುಗಳು ಸರಳವಾಗಿ ಜಾರುವ ಕೊಳವೆಗಳಿರುತ್ತವೆ. ಸಾಮಾನ್ಯ ವಿಹಾರನೌಕೆಗಳಲ್ಲಿ ಬಳಸುವ ಕೇಬಲ್ಲಿನ ಪೂರ್ಣ ಚಲನೆ ಸುಮಾರು 3 ಅಂಗುಲ. ಹಿಡಿಕೆಯ ಬುಡದಲ್ಲಿರುವ ಒಂದು ಪುಟ್ಟ ತೋಳು ಕೇಬಲ್ಲನ್ನು ಈ 3 ಅಂಗುಲಗಳಷ್ಟು ನೂಕುತ್ತದೆ. ಆಚೆಯ ತುದಿಯಲ್ಲಿ ಅದು ಕಾರ್ಬ್ಯುರೇಟರಿನ ಪಕ್ಕದ ಇನ್ನೊಂದು ತೋಳನ್ನು ತಿರುಗಿಸುತ್ತದೆ. ಆ ತೋಳು ಗಾಳಿಯ ದಾರಿಯಲ್ಲಿ ಅಡ್ಡ ನಿಂತಿರುವ ತೆಳು ಬಿಲ್ಲೆಯನ್ನು, ಬಟರ್‌ಫ್ಲೈ ಎಂದು ಮೆಕ್ಯಾನಿಕರು ಕರೆಯುವ ವಾಲ್ವನ್ನು, ತೆರೆಯುತ್ತದೆ. ತೆರೆದಷ್ಟು ಗಾಳಿ, ಗಾಳಿಗೆ ತಕ್ಕಷ್ಟು ಪೆಟ್ರೋಲ್, ಅದಕ್ಕೆ ತಕ್ಕ ಬಲ, ಬಲಕ್ಕೂ ನೀರಿನ ಪ್ರತಿರೋಧಕ್ಕೂ ರಾಜಿಯಾದ ಬಿಂದುವಿನಲ್ಲಿ ಒಂದು ವೇಗ. ಹೀಗೆ ಅಂಗೈಗೂ ಪ್ರೊಪೆಲರಿಗೂ ನಡುವೆ ಐದಾರು ಮಧ್ಯಸ್ಥರಿದ್ದಾರೆ. ಎರಡು ಎಂಜಿನ್ನುಗಳೆಂದರೆ ಇಂಥ ಎರಡು ಸರಪಣಿಗಳು. ಯಾವ ಕೊಂಡಿಯಲ್ಲಿ ವ್ಯತ್ಯಾಸವಾದರೂ ಅದು ಕೊನೆಗೆ ಹಿಡಿಕೆಯ ಓರೆಯಾಗಿಯೇ ಕಾಣಿಸಿಕೊಳ್ಳುವುದರಿಂದ, ಕಂಡ ಸ್ಥಳವನ್ನೇ ರೋಗದ ಸ್ಥಳವೆಂದು ಭ್ರಮಿಸುವುದು ಬಹಳ ಸುಲಭ.

ಈ ಸರಪಣಿಗಳು ಹುಟ್ಟಿನಿಂದಲೇ ಅವಳಿಗಳಾಗಿರುವುದಿಲ್ಲವೆಂಬುದನ್ನೂ ನೆನಪಿಡಬೇಕು. ಚಾಲಕನ ಪೀಠ ಬಹುಮಟ್ಟಿಗೆ ಒಂದು ಮಗ್ಗುಲಿಗಿರುವುದರಿಂದ ಒಂದು ಎಂಜಿನ್ನಿಗೆ ಹೋಗುವ ಕೇಬಲ್ ಗಿಡ್ಡ, ಇನ್ನೊಂದಕ್ಕೆ ಹೋಗುವುದು ಉದ್ದ. ಒಂದಕ್ಕೆ ಎರಡು ಬಾಗು, ಇನ್ನೊಂದಕ್ಕೆ ಮೂರು. ಪ್ರತಿ ಬಾಗೂ ಒಂದಿಷ್ಟು ಚಲನೆಯನ್ನು ನುಂಗಿಕೊಳ್ಳುತ್ತದೆ. ನೌಕೆಯನ್ನು ಒಂದು ಪಕ್ಕಕ್ಕೆ ಎಳೆಯದಿರಲೆಂದು ಪ್ರೊಪೆಲರುಗಳೆರಡೂ ಪರಸ್ಪರ ವಿರುದ್ಧ ದಿಕ್ಕಿನಲ್ಲಿ ತಿರುಗಬೇಕು. ಆ ಕಾಲದ ಕ್ರಿಸ್-ಕ್ರಾಫ್ಟ್ ನೌಕೆಗಳಲ್ಲಿ ಇದಕ್ಕಾಗಿ ಜೋಡಿಯಲ್ಲಿ ಒಂದು ಎಂಜಿನ್ನನ್ನೇ ವಿರುದ್ಧಸುತ್ತಿನದಾಗಿ ಕಟ್ಟುತ್ತಿದ್ದರು. ಆದರೂ ಎರಡಕ್ಕೂ ಕೂರಿಸುವ ಕಾರ್ಬ್ಯುರೇಟರು ಒಂದೇ ಮಾದರಿಯದು. ಅದರ ತೋಳು ಒಂದು ಎಂಜಿನ್ನಿನಲ್ಲಿ ನೌಕೆಯ ನಡುಭಾಗದ ಕಡೆಗೆ ಮುಖಮಾಡಿದರೆ ಇನ್ನೊಂದರಲ್ಲಿ ಹೊರಗೋಡೆಯ ಕಡೆಗೆ ಮುಖಮಾಡುತ್ತದೆ. ಹೀಗಾಗಿ ಕೇಬಲ್ ಒಂದರಲ್ಲಿ ಒಂದು ಕೋನದಿಂದಲೂ ಇನ್ನೊಂದರಲ್ಲಿ ಬೇರೊಂದು ಕೋನದಿಂದಲೂ ಬಂದು ತಗಲುವುದುಂಟು. ಇದರ ಮೇಲೆ ಕಾಲದ ಕೈವಾಡ: ಸವೆದ ಪಿನ್ನು, ಸಡಿಲವಾದ ಕ್ಲ್ಯಾಂಪು, ತುಕ್ಕಿನಿಂದ ಬಿಗಿದ ತಂತಿ, ಹಿಂದಿನ ಯಾರೋ ಒಬ್ಬ ಮೆಕ್ಯಾನಿಕನು ಅವಸರದಲ್ಲಿ ಬೇರೊಂದು ರಂಧ್ರಕ್ಕೆ ಸೇರಿಸಿದ ಜೋಡಣೆ.

ಓರೆ ಹಿಡಿಕೆಗಳಿಂದ ನಷ್ಟವೇನು? ತೆರೆದ ನೀರಿನಲ್ಲಿ, ಮುಳ್ಳುಗಳನ್ನು ನೋಡಿ ವೇಗ ಸರಿದೂಗಿಸಲು ಪುರಸತ್ತಿರುವಾಗ, ನಷ್ಟ ಹೆಚ್ಚಿಲ್ಲ. ಕಷ್ಟ ಬರುವುದು ಗಾಳಿ ಬೀಸುತ್ತಿರುವ ಸಾಯಂಕಾಲ ಕಿರಿದಾದ ಧಕ್ಕೆಯೊಳಗೆ ನುಗ್ಗುವಾಗ. ಆಗ ಚಾಲಕನ ಕಣ್ಣು ದಡದ ಮೇಲಿರುತ್ತದೆ, ಹಿಡಿಕೆಗಳ ಅಳತೆ ಅಂಗೈಗೆ ಮಾತ್ರ ಗೊತ್ತಿರಬೇಕು. ಆ ಅಂಗೈಯ ಲೆಕ್ಕವೇ ತಪ್ಪಾದರೆ ನೌಕೆಯ ಮೂತಿ ಬಯಸದ ಕಡೆಗೆ ಹೊರಳುತ್ತದೆ. ವೇಗಗಳೇ ಬೇರೆಬೇರೆಯಾಗಿ ದೀರ್ಘ ದೂರ ಓಡಿಸಿದರೆ ಇನ್ನೊಂದು ಬಗೆಯ ನಷ್ಟವುಂಟು. ಪ್ರೊಪೆಲರನ್ನು ತಿರುಗಿಸಲು ಬೇಕಾದ ಬಲ ಸ್ಥೂಲವಾಗಿ ವೇಗದ ಘನಕ್ಕೆ ಅನುಪಾತವಾಗಿ ಏರುತ್ತದೆ: ಸುತ್ತು ಇಮ್ಮಡಿಯಾದರೆ ಬಲ ಎಂಟುಮಡಿ, ಸುತ್ತು ನೂರಕ್ಕೆ ಐದರಷ್ಟು ಹೆಚ್ಚಾದರೆ ಬಲ ಸುಮಾರು ಹದಿನಾರರಷ್ಟು ಹೆಚ್ಚು. ಅದೂ ಅಲ್ಲದೆ ಎರಡು ಪ್ರೊಪೆಲರುಗಳು ಒಂದೇ ಒಡಲಿಗೆ ಕಟ್ಟಿಕೊಂಡಿರುವುದರಿಂದ ನೀರಿನಲ್ಲಿ ಎರಡೂ ಮುಂದುವರಿಯುವ ವೇಗ ಒಂದೇ. ನಿಧಾನವಾದದ್ದು ತಾನು ನೂಕುವುದಕ್ಕಿಂತ ಹೆಚ್ಚಾಗಿ ನೌಕೆಯೊಡನೆ ತಾನೇ ಎಳೆಸಿಕೊಂಡು ಬರುತ್ತದೆ, ಹೊರೆಯ ಬಹುಪಾಲು ವೇಗವಾದದ್ದರ ಹೆಗಲಿಗೆ ಬೀಳುತ್ತದೆ. ನೌಕೆ ಒಂದು ಪಕ್ಕಕ್ಕೆ ತಿರುಗಲು ಹವಣಿಸುವುದರಿಂದ ಚುಕ್ಕಾಣಿಯನ್ನು ಸದಾ ಸ್ವಲ್ಪ ವಾರೆಯಾಗಿ ಹಿಡಿಯಬೇಕಾಗಿ, ಆ ವಾರೆ ಚುಕ್ಕಾಣಿಯೇ ನೀರಿಗೆ ಅಡ್ಡವಾಗಿ ಇಂಧನವನ್ನು ತಿನ್ನುತ್ತದೆ.

ಕಿವಿಯ ಸಾಕ್ಷ್ಯ, ಮುಳ್ಳಿನ ಸಾಕ್ಷ್ಯ

ವೇಗಗಳು ಸಮವಾಗಿವೆಯೇ ಎಂಬುದನ್ನು ತೀರ್ಮಾನಿಸುವ ಪ್ರಮಾಣ ಯಾವುದೆಂಬುದು ಮೊದಲು ಇತ್ಯರ್ಥವಾಗಬೇಕು. ಟ್ಯಾಕೋಮೀಟರಿನ ಮುಳ್ಳೇ ಪ್ರಮಾಣವೆಂದು ಹೊರಟವರು ಎಷ್ಟೋ ವೇಳೆ ಸರಿಯಾದ ಎಂಜಿನ್ನನ್ನು ತಪ್ಪಾದ ಮಾಪಕಕ್ಕೆ ಒಗ್ಗಿಸಿ ಕೆಡಿಸುತ್ತಾರೆ. ಹಳೆಯ ಮಾಪಕಗಳಲ್ಲಿ ನೂರಕ್ಕೆ ಎರಡು ಮೂರರಷ್ಟು ತಪ್ಪು ಆಶ್ಚರ್ಯದ ಸಂಗತಿಯಲ್ಲ. ಒಂದು ಮೇಲಕ್ಕೂ ಇನ್ನೊಂದು ಕೆಳಕ್ಕೂ ತಪ್ಪಿದರೆ ಅಂತರ ಇಮ್ಮಡಿಸುತ್ತದೆ. ಪರೀಕ್ಷೆ ಸುಲಭ. ಎರಡು ಮಾಪಕಗಳ ಸಂಜ್ಞೆಯ ತಂತಿಗಳನ್ನು ಅದಲುಬದಲು ಮಾಡಿ ನೋಡಬೇಕು. ವ್ಯತ್ಯಾಸ ಮಾಪಕದ ಜೊತೆಯಲ್ಲೇ ಉಳಿದರೆ ದೋಷ ಮಾಪಕದ್ದು, ಎಂಜಿನ್ನಿನ ಬೆನ್ನುಹತ್ತಿ ಹೋದರೆ ದೋಷ ಎಂಜಿನ್ನಿನದು. ಇದಕ್ಕಿಂತ ನಿಖರವಾದ ಸಾಕ್ಷಿ ಕೈಯಲ್ಲಿ ಹಿಡಿಯುವ ಬೆಳಕಿನ ಟ್ಯಾಕೋಮೀಟರು: ಕ್ರ್ಯಾಂಕಿನ ಪುಲ್ಲಿಗೆ ಬೆಳಕನ್ನು ಪ್ರತಿಫಲಿಸುವ ಒಂದು ಚೂರು ಪಟ್ಟಿಯನ್ನು ಅಂಟಿಸಿ ಅದರತ್ತ ಬೆಳಕು ಬಿಟ್ಟರೆ, ಪಟ್ಟಿ ಎಷ್ಟು ಸಲ ಮಿಂಚಿತೆಂಬುದನ್ನು ಎಣಿಸಿ ಉಪಕರಣವು ಸುತ್ತುಗಳನ್ನು ಹೇಳುತ್ತದೆ.

ಇವೆಲ್ಲಕ್ಕೂ ಹಿಂದಿನಿಂದ ನಾವಿಕರು ನಂಬಿಕೊಂಡು ಬಂದಿರುವ ಉಪಕರಣ ಕಿವಿ. ಬಹಳ ಸಮೀಪದ ಎರಡು ಕಂಪನಗಳು ಒಟ್ಟಿಗೆ ಕೇಳಿದಾಗ ಅವು ಒಮ್ಮೆ ಒಂದನ್ನೊಂದು ಬೆಂಬಲಿಸಿ ಇನ್ನೊಮ್ಮೆ ಒಂದನ್ನೊಂದು ಅಳಿಸಿ, ಧ್ವನಿ ಅಲೆಯಲೆಯಾಗಿ ಏರಿಳಿಯುತ್ತದೆ. ಆ ಏರಿಳಿತದ ಸಂಖ್ಯೆ ಎರಡು ಕಂಪನಗಳ ಅಂತರಕ್ಕೆ ಸರಿಯಾಗಿ ಸಮ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1863ರಲ್ಲಿ ಪ್ರಕಟಿಸಿದ ನಾದಶಾಸ್ತ್ರದ ಮಹಾಗ್ರಂಥದಲ್ಲಿ ವಿಸ್ತಾರವಾಗಿ ವಿವೇಚಿಸಿದ ಈ ಧರ್ಮವನ್ನು ನಮ್ಮ ತಂಬೂರಿಯ ಶ್ರುತಿ ಕೂಡಿಸುವವರು ಗ್ರಂಥದ ಹಂಗಿಲ್ಲದೆ ಬಲ್ಲರು: ನಡುವಿನ ಎರಡು ತಂತಿಗಳ ನಾದದಲ್ಲಿ ಅಲೆ ನಿಧಾನವಾಗುತ್ತ ನಿಧಾನವಾಗುತ್ತ ಕೊನೆಗೆ ನಿಂತುಹೋದಾಗ ಶ್ರುತಿ ಕೂಡಿತೆಂದು ಬಿರಡೆಯಿಂದ ಕೈ ತೆಗೆಯುತ್ತಾರೆ. ನೌಕೆಯಲ್ಲಿಯೂ ಲೆಕ್ಕ ಇದೇ. ಎಂಟು ಸಿಲಿಂಡರಿನ ನಾಲ್ಕುಹೊಡೆತದ ಎಂಜಿನ್ನು ಪ್ರತಿ ಸುತ್ತಿಗೆ ನಾಲ್ಕು ಬಾರಿ ಸ್ಫೋಟಿಸುತ್ತದೆ. ನಿಮಿಷಕ್ಕೆ 2400 ಸುತ್ತಿನಲ್ಲಿ ಸೆಕೆಂಡಿಗೆ 160 ಸ್ಫೋಟ. ಪಕ್ಕದ ಎಂಜಿನ್ನು 2430 ಸುತ್ತಿನಲ್ಲಿದ್ದರೆ 162. ಅಂತರ ಎರಡು, ಆದುದರಿಂದ ಸೆಕೆಂಡಿಗೆ ಎರಡು ಸಲ ನೌಕೆಯ ಒಡಲೆಲ್ಲ ‘ಹೂಂ... ಹೂಂ’ ಎಂದು ಉಸಿರೆಳೆದಂತಾಗುತ್ತದೆ. ಮುಳ್ಳಿನಲ್ಲಿ ಕೂದಲೆಳೆಯಷ್ಟಾಗಿ ಕಾಣುವ ಮೂವತ್ತು ಸುತ್ತಿನ ವ್ಯತ್ಯಾಸವನ್ನು ಕಿವಿ ಹೀಗೆ ನಿಸ್ಸಂದೇಹವಾಗಿ ಸಾರುತ್ತದೆ. ಒಂದು ಹಿಡಿಕೆಯನ್ನು ತುಸುವೇ ಸರಿಸಿದಾಗ ಅಲೆ ನಿಧಾನವಾದರೆ ಸರಿಯಾದ ದಿಕ್ಕು, ವೇಗವಾದರೆ ತಪ್ಪು ದಿಕ್ಕು. ಅಲೆ ನಿಂತರೆ ವೇಗಗಳು ಕೂಡಿದವು.

ಎಂಜಿನ್ನಿನಿಂದ ಹಿಡಿಕೆಯ ಕಡೆಗೆ

ಪ್ರಮಾಣ ಸಿಕ್ಕ ಮೇಲೆ ಕೆಲಸದ ಕ್ರಮ. ಅದು ಹಿಡಿಕೆಯಿಂದ ಆರಂಭವಾಗಿ ಎಂಜಿನ್ನಿಗೆ ಹೋಗತಕ್ಕದ್ದಲ್ಲ, ಎಂಜಿನ್ನಿನಿಂದ ಆರಂಭವಾಗಿ ಹಿಡಿಕೆಗೆ ಬರತಕ್ಕದ್ದು. ಮೊದಲು ಎರಡೂ ಎಂಜಿನ್ನುಗಳು ಸ್ವತಃ ಆರೋಗ್ಯವಾಗಿವೆಯೇ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು: ಇಂಧನದ ಫಿಲ್ಟರು ಕಟ್ಟಿಕೊಂಡಿಲ್ಲವಷ್ಟೆ, ಸ್ಪಾರ್ಕ್ ಪ್ಲಗ್ಗುಗಳೆಲ್ಲ ಕೆಲಸಮಾಡುತ್ತಿವೆಯಷ್ಟೆ, ಪ್ರೊಪೆಲರಿನ ಎಲೆಗಳು ಬಾಗಿಲ್ಲ, ಅವುಗಳ ಮೇಲೆ ಪಾಚಿ ಚಿಪ್ಪುಗಳು ಬೆಳೆದಿಲ್ಲ, ಎರಡೂ ಒಂದೇ ಅಳತೆಯವು ಎಂಬಿಷ್ಟನ್ನು ನೋಡದೆ ಕೇಬಲ್ಲನ್ನು ಮುಟ್ಟಿದವನು ರೋಗಿಯ ನಾಡಿ ಹಿಡಿಯದೆ ಔಷಧ ಕೊಟ್ಟಂತೆ. ಪೆಟ್ರೋಲ್ ನೌಕೆಯಲ್ಲಿ ಇನ್ನೊಂದು ಎಚ್ಚರಿಕೆ ಸರ್ವಥಾ ಮರೆಯತಕ್ಕದ್ದಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದರಿಂದ ಅದು ಎಂಜಿನ್ನಿನ ಕೆಳಗಿನ ತಳದಲ್ಲಿ ಮಡುಗಟ್ಟಿ ನಿಲ್ಲುತ್ತದೆ. ಮುಚ್ಚಳ ತೆರೆದು ಮೂಸಿ ನೋಡಿ, ಬ್ಲೋವರನ್ನು ಕನಿಷ್ಠ ನಾಲ್ಕು ನಿಮಿಷ ಓಡಿಸಿದ ಮೇಲೆಯೇ ಎಂಜಿನ್ನನ್ನು ಚಾಲೂ ಮಾಡಬೇಕು. ತಿರುಗುವ ಬೆಲ್ಟಿನ ಪಕ್ಕದಲ್ಲಿ ಬಾಗುವವನ ಅಂಗಿಯ ತೋಳು ಸಡಿಲವಾಗಿರಬಾರದು. ಕೇಬಲ್ಲನ್ನು ಕಳಚುವ, ಜೋಡಿಸುವ ಕೆಲಸವೆಲ್ಲ ಎಂಜಿನ್ನು ನಿಂತಿರುವಾಗ. ಚಾಲೂ ಇರುವಾಗ ಮೇಲೆ ಚಕ್ರದ ಬಳಿ ಒಬ್ಬ, ಕೆಳಗೆ ಎಂಜಿನ್ನಿನ ಬಳಿ ಒಬ್ಬ.

ಆಮೇಲೆ ಕೇಬಲ್ಲಿನ ತುದಿಯನ್ನು ಕಾರ್ಬ್ಯುರೇಟರಿನ ತೋಳಿನಿಂದ ಕಳಚಿಬಿಡಬೇಕು. ಇದು ಇಡೀ ಕಾರ್ಯದ ಮರ್ಮ. ಕಳಚಿದೊಡನೆ ತೋಳು ತನ್ನ ಸ್ಪ್ರಿಂಗಿನ ಬಲದಿಂದ ಹಿಂದಕ್ಕೆ ಸರಿದು ಐಡ್ಲಿಂಗ್ ಸ್ಕ್ರೂವಿನ ಮೇಲೆ ಕೂರಬೇಕು. ಕಳಚುವ ಮೊದಲು ಅದು ಆ ಸ್ಕ್ರೂವನ್ನು ಮುಟ್ಟಿಯೇ ಇರಲಿಲ್ಲವಾದರೆ, ಅಷ್ಟು ಕಾಲವೂ ಎಂಜಿನ್ನಿನ ನಿಧಾನಗತಿಯನ್ನು ಹಿಡಿದಿದ್ದುದು ಸ್ಕ್ರೂ ಅಲ್ಲ, ಬಿಗಿಯಾದ ಕೇಬಲ್ ಎಂದು ಸ್ಪಷ್ಟವಾಗುತ್ತದೆ. ಹೀಗೆ ಕೇಬಲ್ಲುಗಳು ಕಳಚಿಕೊಂಡಿರುವಾಗಲೇ ಎರಡೂ ಎಂಜಿನ್ನುಗಳನ್ನು ಚೆನ್ನಾಗಿ ಬಿಸಿಮಾಡಿ, ಅವುಗಳ ಕೈಪಿಡಿಯಲ್ಲಿ ಹೇಳಿದ ವೇಗಕ್ಕೆ, ಸಾಮಾನ್ಯವಾಗಿ 600ರಿಂದ 700 ಸುತ್ತುಗಳ ನಡುವೆ, ಸ್ಕ್ರೂಗಳನ್ನು ತಿರುಗಿಸಿ ಸಮಮಾಡಬೇಕು. ಬಳಿಕ ಎಂಜಿನ್ನನ್ನು ನಿಲ್ಲಿಸಿ, ಹಿಡಿಕೆಗಳೆರಡನ್ನೂ ಪೂರ್ತಿ ಹಿಂದಕ್ಕೆಳೆದು, ಕೇಬಲ್ಲಿನ ತುದಿಯ ಗುಂಡುಕೀಲು ತೋಳಿನ ಮೇಲಿನ ಗುಂಡಿಗೆ ಎಳೆಯದೆ ತಳ್ಳದೆ ತಾನಾಗಿ ಹೊಂದುವ ತನಕ ಅದನ್ನು ತಿರುಗಿಸುತ್ತ ಹೋಗಬೇಕು.

ಆ ತುದಿಯ ತಿರುಪು ಬಲು ಸೂಕ್ಷ್ಮವಾದದ್ದು. ಸಾಮಾನ್ಯ ಕೇಬಲ್ಲಿನಲ್ಲಿ ಅಂಗುಲಕ್ಕೆ 32 ಸುತ್ತು, ಎಂದರೆ ಕೀಲಿನ ಒಂದು ಪೂರ್ಣ ತಿರುವಿಗೆ 0.8 ಮಿಲಿಮೀಟರಿನಷ್ಟು ಚಲನೆ. 8 ಅಂಗುಲ ಉದ್ದದ ಹಿಡಿಕೆಯ ತುದಿಯಲ್ಲಿ ಒಂದಂಗುಲದ ಓರೆಯಿದ್ದರೆ ಅದು ಸುಮಾರು 7 ಡಿಗ್ರಿಯ ಕೋನ. ಹಿಡಿಕೆಯ ಬುಡದ ತೋಳು ಎರಡೂವರೆ ಅಂಗುಲದ್ದಾದರೆ ಅಷ್ಟು ಕೋನಕ್ಕೆ ಕೇಬಲ್ ಸರಿಯುವುದು ಅಂಗುಲದ ಸುಮಾರು ಮೂರನೆಯ ಒಂದು ಪಾಲು, ಎಂದರೆ ಕೀಲಿನ ಹತ್ತು ತಿರುವು. ಹತ್ತು ತಿರುವನ್ನು ಹೊರಕ್ಕೆ ಬಿಟ್ಟರೆ ಕೀಲಿನೊಳಗೆ ಹಿಡಿತಕ್ಕೆ ಉಳಿಯುವ ಸುತ್ತುಗಳು ಸಾಲದೆ ಹೋಗಬಹುದು. ಅಂಥಲ್ಲಿ ಕೀಲನ್ನು ಅದರ ಪಾಡಿಗೆ ಬಿಟ್ಟು, ಕೇಬಲ್ಲಿನ ಹೊರಕವಚವನ್ನು ಹಿಡಿದಿರುವ ಕ್ಲ್ಯಾಂಪನ್ನೇ ಹಿಂದು ಮುಂದು ಸರಿಸಬೇಕು. ಒಂದು ವೇಳೆ ನಡುನೀರಿನಲ್ಲಿ ಕೀಲು ಕಳಚಿಕೊಂಡರೆ ಎಂಜಿನ್ನು ಅನಾಥ. ಆದಕಾರಣ ಲಾಕ್‌ನಟ್ಟನ್ನು ಬಿಗಿಯದೆ, ಕಾಟರ್ ಪಿನ್ನನ್ನು ಮಡಿಸದೆ ಮೇಲೇಳಬಾರದು.

ಇಷ್ಟರಿಂದ ಕೆಳತುದಿ ಕೂಡಿತು. ಹಿಡಿಕೆಗಳು ಹಿಂದೆ ನಿಂತಾಗ ಸಮ. ಆದರೆ ಒಂದು ಬಿಂದುವಿನಲ್ಲಿ ಕೂಡಿದ ಎರಡು ಗೆರೆಗಳು ಮುಂದೆ ಬೇರೆಯಾಗಬಾರದೆಂದೇನೂ ಇಲ್ಲ. ಕೀಲಿನ ತಿರುವು ಚಲನೆಯ ಇಡೀ ವ್ಯಾಪ್ತಿಯನ್ನು ಹಿಂದಕ್ಕೋ ಮುಂದಕ್ಕೋ ಸರಿಸಬಲ್ಲದೇ ಹೊರತು ಅದರ ಅಳತೆಯನ್ನು ಹಿಗ್ಗಿಸಲೂ ಕುಗ್ಗಿಸಲೂ ಅರಿಯದು. ಆ ಅಳತೆ ನಿರ್ಧಾರವಾಗುವುದು ಕೇಬಲ್ಲನ್ನು ತೋಳಿನ ಯಾವ ರಂಧ್ರಕ್ಕೆ ಜೋಡಿಸಿದೆಯೆಂಬುದರಿಂದ. 3 ಅಂಗುಲ ಚಲಿಸುವ ಕೇಬಲ್ಲನ್ನು ತೋಳಿನ ಕೇಂದ್ರದಿಂದ ಎರಡೂವರೆ ಅಂಗುಲದಲ್ಲಿ ಜೋಡಿಸಿದರೆ ತೋಳು ಸುಮಾರು 74 ಡಿಗ್ರಿ ತಿರುಗುತ್ತದೆ. ಕಾಲಂಗುಲ ಒಳಕ್ಕೆ, ಎರಡೂಕಾಲು ಅಂಗುಲದಲ್ಲಿ ಜೋಡಿಸಿದರೆ ಸುಮಾರು 84 ಡಿಗ್ರಿ. ಕಾಲಂಗುಲದ ಅಜಾಗರೂಕತೆಗೆ ಹತ್ತು ಡಿಗ್ರಿಯ ಬೆಲೆ. ಆದ್ದರಿಂದ ಹಿಡಿಕೆಯನ್ನು ಪೂರ್ತಿ ಮುಂದಕ್ಕೆ ತಳ್ಳಿ, ಎರಡೂ ಕಾರ್ಬ್ಯುರೇಟರಿನ ತೋಳುಗಳು ತಮ್ಮ ಮೇಲಿನ ತಡೆಯನ್ನು ಮುಟ್ಟುತ್ತವೆಯೇ, ಒಂದೇ ಸಮಯದಲ್ಲಿ ಮುಟ್ಟುತ್ತವೆಯೇ ಎಂದು ನೋಡಬೇಕು. ಒಂದು ಮೊದಲೇ ಮುಟ್ಟಿ ಹಿಡಿಕೆ ಇನ್ನೂ ಮುಂದೆ ಹೋಗಲು ಒತ್ತುತ್ತಿದ್ದರೆ ಎಂಜಿನ್ನಿನ ತುದಿಯಲ್ಲಿ ಹೊರಗಿನ ರಂಧ್ರಕ್ಕೋ ಹಿಡಿಕೆಯ ತುದಿಯಲ್ಲಿ ಒಳಗಿನ ರಂಧ್ರಕ್ಕೋ ಬದಲಾಯಿಸಬೇಕು. ಮುಟ್ಟದೆಯೇ ಹೋದರೆ ಇದರ ವಿಪರ್ಯಯ. ರಂಧ್ರ ಬದಲಾಯಿಸಿದ ಮೇಲೆ ಕೆಳತುದಿ ಮತ್ತೆ ಸರಿಯುವುದರಿಂದ ಕೀಲನ್ನು ಪುನಃ ಹೊಂದಿಸಬೇಕು. ಹೀಗೆ ಕೆಳಗೂ ಮೇಲೂ ಎರಡು ಮೂರು ಸಲ ಓಡಾಡಿದ ಮೇಲೆ ಎರಡು ತುದಿಗಳೂ ನೆಲೆಗೊಳ್ಳುತ್ತವೆ.

ಕಟ್ಟಕಡೆಯ ಕಷ್ಟ ನಡುದಾರಿಯದು. ಎರಡು ತುದಿಗಳಲ್ಲಿ ಸಮವಾಗಿದ್ದರೂ ಅರ್ಧದಾರಿಯಲ್ಲಿ ಓರೆಯಾಗುವ ಹಿಡಿಕೆಗಳನ್ನು ಕಂಡು ಅನೇಕರು ಎದೆಗುಂದುತ್ತಾರೆ. ತೋಳು ವರ್ತುಲದಲ್ಲಿ ತಿರುಗುತ್ತದೆ, ಕೇಬಲ್ ನೇರವಾಗಿ ಸಾಗುತ್ತದೆ. ಇವೆರಡರ ನಡುವಣ ಕೋನ ಕ್ಷಣಕ್ಷಣಕ್ಕೂ ಬದಲಾಗುವುದರಿಂದ, ಕೇಬಲ್ಲಿನ ಸಮಾನ ಚಲನೆಗೆ ತೋಳಿನ ಸಮಾನ ತಿರುವು ಸಿಗುವುದಿಲ್ಲ. ತೋಳು ಅರ್ಧದಾರಿಯಲ್ಲಿದ್ದಾಗ ಕೇಬಲ್ ಅದಕ್ಕೆ ಲಂಬವಾಗಿರುವಂತೆ ಎರಡೂ ಕಡೆ ಏರ್ಪಡಿಸಿದರೆ ಈ ವಕ್ರತೆ ಕನಿಷ್ಠವಾಗಿಯೂ, ಅದಕ್ಕಿಂತ ಮುಖ್ಯವಾಗಿ ಎರಡರಲ್ಲಿಯೂ ಒಂದೇ ಬಗೆಯದಾಗಿಯೂ ಇರುತ್ತದೆ. ಒಂದು ಎಂಜಿನ್ನಿನ ಬ್ರಾಕೆಟ್ಟು ತುಸು ಓರೆಯಾಗಿದ್ದರೆ ಅದನ್ನು ಸರಿಪಡಿಸದೆ ಕೀಲನ್ನು ಎಷ್ಟು ತಿರುಗಿಸಿದರೂ ನಡುದಾರಿ ಕೂಡದು. ಬಟರ್‌ಫ್ಲೈ ವಾಲ್ವಿನ ಗುಣವೂ ಇಲ್ಲಿ ಸೇರಿಕೊಳ್ಳುತ್ತದೆ. ಮುಚ್ಚಿದ ಸ್ಥಿತಿಯಿಂದ ಐದು ಡಿಗ್ರಿ ತೆರೆದಿರುವ ಬಿಲ್ಲೆಯನ್ನು ಹತ್ತು ಡಿಗ್ರಿಗೆ ತೆರೆದರೆ ಗಾಳಿಯ ದಾರಿ ಇಮ್ಮಡಿಗೂ ಮಿಗಿಲಾಗುತ್ತದೆ. ಎಪ್ಪತ್ತರಿಂದ ಎಪ್ಪತ್ತೈದಕ್ಕೆ ತೆರೆದರೆ ಹೆಚ್ಚುವುದು ಹತ್ತರಲ್ಲಿ ಒಂದು ಪಾಲಿನಷ್ಟು. ಆದುದರಿಂದಲೇ ಧಕ್ಕೆಯಲ್ಲಿ ನಿಧಾನವಾಗಿ ಚಲಿಸುವಾಗ ಕಾಡುವ ಓರೆ ಪೂರ್ಣವೇಗದಲ್ಲಿ ಮಂಗಮಾಯವಾಗುತ್ತದೆ. ಪೂರ್ಣವೇಗದಲ್ಲಿ ಪರೀಕ್ಷಿಸಿ ಎಲ್ಲ ಸರಿಯಿದೆಯೆಂದು ತೀರ್ಮಾನಿಸಿದವನು ದೋಷ ಅಡಗಿಕೊಳ್ಳುವ ಸ್ಥಳದಲ್ಲಿಯೇ ಅದನ್ನು ಹುಡುಕಿದಂತಾಯಿತು. ಪರೀಕ್ಷೆಯನ್ನು ಧಕ್ಕೆಗೆ ಕಟ್ಟಿಹಾಕಿಯೂ ಮಾಡತಕ್ಕದ್ದಲ್ಲ, ನಿಂತ ನೌಕೆಯ ಪ್ರೊಪೆಲರಿಗೆ ಬೀಳುವ ಹೊರೆಯೇ ಬೇರೆ. ತೆರೆದ ನೀರಿನಲ್ಲಿ, ಗಾಳಿಯಿಲ್ಲದ ಹೊತ್ತಿನಲ್ಲಿ, ಐಡ್ಲಿಂಗಿನಿಂದ ಮೇಲಕ್ಕೆ ಐನೂರು ಐನೂರು ಸುತ್ತುಗಳ ಮೆಟ್ಟಿಲುಗಳಲ್ಲಿ ನೋಡುತ್ತ ಹೋಗಬೇಕು. ಸವೆದ ಕೇಬಲ್ಲಿನಲ್ಲಿ ತಳ್ಳುವಾಗಿನ ಉತ್ತರ ಒಂದು, ಎಳೆಯುವಾಗಿನ ಉತ್ತರ ಇನ್ನೊಂದು ಆಗಿರುವುದರಿಂದ, ಪ್ರತಿಸಲವೂ ಒಂದೇ ದಿಕ್ಕಿನಿಂದ ಬಂದು ನಿಲ್ಲಿಸುವುದು ಮೇಲು. ಎರಡು ಉತ್ತರಗಳ ನಡುವಿನ ಅಂತರ ಬಹಳವಾಗಿದ್ದರೆ ಆ ಕೇಬಲ್ಲಿಗೆ ಹೊಂದಾಣಿಕೆಯ ವಯಸ್ಸು ಮೀರಿತು, ಬದಲಾಯಿಸುವುದೊಂದೇ ದಾರಿ.

ಇನ್ನೊಂದು ಬಗೆಯ ಓರೆಯುಂಟು. ಅದರಲ್ಲಿ ಅಳತೆಯ ದೋಷವೇ ಇರುವುದಿಲ್ಲ. ಸಮವಾಗಿ ಇಟ್ಟ ಹಿಡಿಕೆಗಳಲ್ಲಿ ಒಂದು, ಯಾರೂ ಮುಟ್ಟದೆಯೇ ಸ್ವಲ್ಪಸ್ವಲ್ಪವಾಗಿ ಹಿಂದಕ್ಕೆ ಸರಿಯುತ್ತದೆ. ಕಾರ್ಬ್ಯುರೇಟರಿನ ಸ್ಪ್ರಿಂಗು ಸದಾ ಹಿಂದಕ್ಕೆಳೆಯುತ್ತಿರುವುದರಿಂದ, ಹಿಡಿಕೆಯ ಬುಡದಲ್ಲಿ ಅದನ್ನು ತಡೆದು ನಿಲ್ಲಿಸುವ ಘರ್ಷಣೆ ಸಾಕಷ್ಟಿರಬೇಕು; ಅದಕ್ಕಾಗಿಯೇ ಒಂದು ಚಿಕ್ಕ ಸ್ಕ್ರೂ ಇಟ್ಟಿರುತ್ತಾರೆ. ಎರಡು ಹಿಡಿಕೆಗಳೂ ಕೈಗೆ ಒಂದೇ ತೂಕವಾಗಿ ತೋರುವಷ್ಟು ಮಾತ್ರ ಅದನ್ನು ಬಿಗಿಯಬೇಕು.

ಡೀಸೆಲ್ ಎಂಜಿನ್ನಿನ ನೌಕೆಗಳಲ್ಲಿ ಈ ಪ್ರಕರಣದ ಸ್ವರೂಪ ತುಸು ಬೇರೆ. ಉಗಿಯಂತ್ರದ ವೇಗವನ್ನು ತಾನಾಗಿ ನಿಯಂತ್ರಿಸಲು ಜೇಮ್ಸ್ ವಾಟ್ 1788ರಲ್ಲಿ ಅಳವಡಿಸಿದ ಗವರ್ನರಿನ ವಂಶಸ್ಥನೊಬ್ಬನು ಡೀಸೆಲ್ಲಿನ ಇಂಧನ ಪಂಪಿನಲ್ಲಿ ಕುಳಿತಿರುತ್ತಾನೆ. ಅಲ್ಲಿ ಹಿಡಿಕೆ ಇಷ್ಟು ಇಂಧನ ಕೊಡೆಂದು ಹೇಳುವುದಿಲ್ಲ, ಇಷ್ಟು ವೇಗ ಬೇಕೆಂದು ಕೇಳುತ್ತದೆ. ಹೊರೆ ಹೆಚ್ಚಿದರೆ ಗವರ್ನರು ಇಂಧನವನ್ನು ಹೆಚ್ಚಿಸಿ ವೇಗವನ್ನು ಕಾಯುತ್ತದೆ. ಆದ್ದರಿಂದ ಡೀಸೆಲ್ ಜೋಡಿಯಲ್ಲಿ ಹಿಡಿಕೆಗಳನ್ನು ಒಮ್ಮೆ ಕೂಡಿಸಿದರೆ ಬಹುಕಾಲ ಕೂಡಿಯೇ ಇರುತ್ತವೆ. ಆದರೆ ಒಂದು ಎಂಜಿನ್ನು ಸೊರಗುತ್ತಿದ್ದರೂ, ಅದರ ಶಕ್ತಿಯ ಮೇರೆ ಮುಟ್ಟುವವರೆಗೆ, ಹಿಡಿಕೆಯಿಂದ ಅದು ಗೊತ್ತಾಗುವುದಿಲ್ಲ. ಈಚಿನ ನೌಕೆಗಳಲ್ಲಿ ಕೇಬಲ್ಲೇ ಮಾಯವಾಗಿದೆ. ಹಿಡಿಕೆಯ ಬುಡದಲ್ಲಿರುವ ಸಂವೇದಕವು ಅದರ ಸ್ಥಾನವನ್ನು ವಿದ್ಯುತ್ ಸಂಕೇತವಾಗಿ ಕಳುಹಿಸುತ್ತದೆ, ಎಂಜಿನ್ನಿನ ಗಣಕವು ಎರಡು ವೇಗಗಳನ್ನು ಹೋಲಿಸಿ ತಾನೇ ಸಮಮಾಡುತ್ತದೆ, ಬೇಕೆಂದರೆ ಒಂದೇ ಹಿಡಿಕೆಯಿಂದ ಎರಡನ್ನೂ ನಡೆಸಬಹುದು. ಸೌಕರ್ಯ ದೊಡ್ಡದು, ಆದರೆ ಸಮತೆಯನ್ನು ಗಣಕ ಮೌನವಾಗಿ ಕಾಪಾಡುತ್ತಿರುವಾಗ ಒಂದು ಎಂಜಿನ್ನು ಎಷ್ಟು ಹೆಚ್ಚು ದುಡಿಯುತ್ತಿದೆಯೆಂಬ ವರ್ತಮಾನವನ್ನು ಚಾಲಕನು ಪರದೆಯ ಅಂಕಿಗಳಲ್ಲಿ ಹುಡುಕಿಕೊಂಡು ಹೋಗಬೇಕಾಗುತ್ತದೆ.

ಹಳೆಯ ಕೇಬಲ್ಲಿನ ಹಿಡಿಕೆಗಳಿಗೆ ಈ ವಿಷಯದಲ್ಲಿ ಒಂದು ಹೆಚ್ಚಳವಿದೆ. ಮೇಲೆ ಹೇಳಿದ ಕ್ರಮದಲ್ಲಿ, ಎರಡೂ ಎಂಜಿನ್ನುಗಳು ಆರೋಗ್ಯವಾಗಿರುವಾಗ, ಎರಡು ತುದಿಗಳಲ್ಲಿಯೂ ನಡುವಿನಲ್ಲಿಯೂ ಕೂಡಿಸಿದ ಹಿಡಿಕೆಗಳು ಅಂದಿನಿಂದ ಒಂದು ಮಾಪಕವಾಗುತ್ತವೆ. ತಿಂಗಳುಗಳು ಕಳೆದಂತೆ 2400 ಸುತ್ತಿಗೆ ಎಡಗಡೆಯ ಹಿಡಿಕೆಯನ್ನು ಬಲಗಡೆಯದಕ್ಕಿಂತ ಅರ್ಧ ಅಂಗುಲ ಮುಂದೆ ತಳ್ಳಬೇಕಾಗಿ ಬಂದರೆ, ಎಡಗಡೆಯಲ್ಲಿ ಏನೋ ಕೆಟ್ಟಿದೆಯೆಂದು ತಿಳಿಯಬೇಕು: ಫಿಲ್ಟರು ಕಟ್ಟಿರಬಹುದು, ಸಿಲಿಂಡರೊಂದು ಬೆಂಕಿ ಹಿಡಿಯದೆ ಸುಮ್ಮನಿರಬಹುದು, ಪ್ರೊಪೆಲರಿಗೆ ಹಗ್ಗ ಸುತ್ತಿಕೊಂಡಿರಬಹುದು. ಆ ಹೊತ್ತಿನಲ್ಲಿ ಕೀಲನ್ನು ಹತ್ತು ತಿರುವು ತಿರುಗಿಸಿ ಹಿಡಿಕೆಗಳನ್ನು ಸಮಮಾಡಿಬಿಟ್ಟರೆ ನೋಟಕ್ಕೆ ಎಲ್ಲವೂ ಸರಿಹೋಗುತ್ತದೆ, ದೋಷ ಮಾತ್ರ ಒಳಗೆ ನಿಶ್ಚಿಂತೆಯಿಂದ ಬೆಳೆಯುತ್ತದೆ. ಆದಕಾರಣ ಹೊಂದಾಣಿಕೆ ಮುಗಿದ ದಿನ ಕೀಲಿನ ಸ್ಥಾನಕ್ಕೂ ಕ್ಲ್ಯಾಂಪಿನ ಸ್ಥಾನಕ್ಕೂ ಬಣ್ಣದ ಒಂದೊಂದು ಗುರುತು ಹಾಕಿ, ಯಾವ ವೇಗದಲ್ಲಿ ಹಿಡಿಕೆಗಳು ಎಲ್ಲಿ ನಿಂತವೆಂಬುದನ್ನು ನೌಕೆಯ ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು. ಮುಂದೆ ಓರೆ ಕಾಣಿಸಿದಾಗ ಮೊದಲು ಗುರುತನ್ನು ನೋಡಬೇಕು. ಗುರುತು ಸರಿದಿದ್ದರೆ ಬೇಕಾದುದು ಒಂದು ಸ್ಪ್ಯಾನರು. ಗುರುತು ಇದ್ದಲ್ಲೇ ಇದ್ದರೆ ಕೇಬಲ್ಲನ್ನು ಮುಟ್ಟದೆ ಎಂಜಿನ್ನಿನ ಮುಚ್ಚಳವನ್ನು ತೆರೆಯಬೇಕು.